ನ್ಯೂಟ್ರಲ್‌ನಲ್ಲಿ ಇಳಿದ ಹೈಬ್ರಿಡ್ ಕಾರು

ಘಾಟಿಯ ಇಳಿಜಾರು ಶುರುವಾಗುತ್ತಲೇ ಮರುಳಪ್ಪ, ಹಳೇ ಜೀಪಿನ ಅಭ್ಯಾಸದಂತೆ ಪೆಟ್ರೋಲ್ ಉಳಿಸಲೆಂದು, ತನ್ನ ಹೊಸ ಹೈಬ್ರಿಡ್ ಕಾರಿನ ಗೇರನ್ನು ನ್ಯೂಟ್ರಲ್‌ಗೆ ತಳ್ಳಿದ. ಬ್ಯಾಟರಿಯ ಎದೆ ಧಸಕ್ಕೆಂದಿತು. ಗೇರಿನಲ್ಲಿದ್ದರೆ ಮೋಟಾರು ಚಕ್ರದ ಓಟವನ್ನು ಹಿಡಿದೆಳೆದು ಬ್ಯಾಟರಿಯ ಹೊಟ್ಟೆ ತುಂಬಿಸುತ್ತಿತ್ತು, ಕಾರೂ ಹತೋಟಿಯಲ್ಲಿರುತ್ತಿತ್ತು. ಈಗ ಭಾರವೆಲ್ಲ ಬ್ರೇಕಿನ ಮೇಲೆ.

"ಅಣ್ಣಾ, ಕಾದುಹೋದೆಯಾ?" ಎಂದು ಬ್ಯಾಟರಿ ಕೇಳಿತು.

"ನನ್ನ ಚಿಂತೆ ನಿನಗೆ ಬೇಡ. ನಮ್ಮ ವಂಶದವರು ಲಾರಿಗಳನ್ನೇ ಹಿಡಿದು ನಿಲ್ಲಿಸಿದ್ದಾರೆ," ಎಂದಿತು ಬ್ರೇಕು.

ಇನ್ನೆರಡು ತಿರುವು ಕಳೆಯುವಷ್ಟರಲ್ಲಿ ಬ್ರೇಕು ಕೆಂಡವಾಗಿತ್ತು, ಹಿಡಿತ ಜಾರತೊಡಗಿತ್ತು. ಆದರೂ ಹಲ್ಲು ಕಚ್ಚಿಕೊಂಡು ಹೊಗೆ ನುಂಗುತ್ತಿತ್ತು. ಮುಂದೆ ಪ್ರಪಾತದ ತಿರುವು.

"ವಾಸನೆ ಬಿಡು ಅಣ್ಣಾ. ನನ್ನ ಮಾತು ಒಳಗೆ ಕೂತವರಿಗೆ ಕೇಳಿಸದು."

"ಸುಟ್ಟ ವಾಸನೆ ಬಂದರೆ ನನ್ನ ಮಾನ ಹೋಗುತ್ತದೆ."

"ಬರದಿದ್ದರೆ ಅವರ ಪ್ರಾಣ ಹೋಗುತ್ತದೆ."

ಬ್ರೇಕು ಬಿಗಿಹಿಡಿದ ಉಸಿರು ಬಿಟ್ಟಿತು.

"ರೀ, ಏನೋ ಸುಡ್ತಾ ಇದೆ," ಎಂದಳು ಪಕ್ಕದಲ್ಲಿದ್ದ ಹೆಂಡತಿ ಶಾಂತವೀರಮ್ಮ. "ಆ ಗೇರನ್ನ ಮೊದಲಿದ್ದಲ್ಲಿಗೇ ಹಾಕಿ."

ಮರುಳಪ್ಪ ಹಾಕಿದ. ಮೋಟಾರು ಚಕ್ರವನ್ನು ಹಿಡಿದೆಳೆಯಿತು. ತಿರುವಿನ ಕಲ್ಲಿಗೆ ಗೇಣು ದೂರದಲ್ಲಿ ಕಾರು ತಿರುಗಿಕೊಂಡಿತು.

ಘಾಟಿಯ ಬುಡದಲ್ಲಿ ಬ್ರೇಕು ತಣಿಯಲೆಂದು ನಿಂತಾಗ, ಬ್ಯಾಟರಿ ತುಂಬಿದ್ದು ಕಂಡು ಮರುಳಪ್ಪ ಬೀಗಿದ. "ನೋಡಿದ್ಯಾ, ನ್ಯೂಟ್ರಲ್ ಮಾಡಿದ್ದಕ್ಕೆ ಎಷ್ಟು ಉಳೀತು."

ಬ್ರೇಕು ಬುಸುಗುಟ್ಟಿತು. "ಸುಮ್ಮನಿರಣ್ಣಾ, ಮೂಗಿದ್ದವರು ಒಬ್ಬರಿದ್ದಾರೆ," ಎಂದಿತು ಬ್ಯಾಟರಿ.

ಮುಂದಿನ ಇಳಿಜಾರಿನಲ್ಲಿ ಮರುಳಪ್ಪನ ಕೈ ಗೇರಿನತ್ತ ಹೋಯಿತು. ಅದರ ಮೇಲೆ ಶಾಂತವೀರಮ್ಮನ ಕೈ ಆಗಲೇ ಕೂತಿತ್ತು.