ಸೆರಗಿನ ಗಂಟಿನಲ್ಲಿ ಉಳಿದದ್ದು

ಹೊಳೆ ದಂಡೆಯ ಮೇಲೆ ಒಂದು ಸಣ್ಣ ಮಠ. ಮಠದಲ್ಲಿ ಒಬ್ಬರು ಅಜ್ಜಾರು. ಅವರ ಬಾಯಲ್ಲಿ ಉಳಿದಿದ್ದವು ನಾಲ್ಕೇ ಹಲ್ಲು. ಆದರೆ ನಗುವಾಗ ಮೂವತ್ತೆರಡೂ ಇದ್ದವರ ಹಾಗೆ ಬಾಯಿ ತುಂಬ ನಗುವವರು.

ಅವರ ಶಿಷ್ಯೆ ನೀಲವ್ವ. ವಯಸ್ಸು ಐವತ್ತು ದಾಟಿತ್ತು. ಬಲು ಚೊಕ್ಕ ಹೆಂಗಸು. ಪಾತ್ರೆ ತಿಕ್ಕಲು ಕೂತರೆ ಪಾತ್ರೆಗೇ ನೋಯಬೇಕು, ಹಾಗೆ ತಿಕ್ಕುವಳು.

ಏನನ್ನೂ ಕೆಡಿಸುವವಳಲ್ಲ. ಅಡಿಕೆ ಹೋಳು, ಬಿದ್ದ ಗುಂಡಿ, ದಾರದ ಚೂರು, ಸಿಕ್ಕಿದ್ದನ್ನೆಲ್ಲ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವಳು.

ದೀಕ್ಷೆ ಕೊಡಿರಿ ಅಂತ ಮೂರು ವರ್ಷದಿಂದ ಕೇಳುತ್ತಿದ್ದಳು. ಮೂರು ವರ್ಷವೂ ಅಜ್ಜಾರು, ತಡಿಯವ್ವಾ, ಅಂದಿದ್ದರು. ಆ ಶ್ರಾವಣದಲ್ಲಿ ಒಂದು ದಿನ ಮಾತ್ರ, ಅವಳು ಕೇಳದೇ ಇದ್ದಾಗ, ನಾಳೆ ಬೆಳಗಿನ ಜಾವ ಬಿಳಿ ಸೀರೆ ಉಟ್ಟುಕೊಂಡು ಬಾ, ಅಂದುಬಿಟ್ಟರು.

ಬಿಳಿ ಸೀರೆ ಇದ್ದದ್ದು ಒಂದೇ. ಒಗೆದಿಟ್ಟಿದ್ದಳು. ಬಿಸಿಲು ಮುಖ ತೋರಿಸಿ ನಾಲ್ಕು ದಿನವಾಗಿತ್ತು.

ಆದರೆ ಮಠದಲ್ಲಿ ಒಂದು ಡ್ರೈಯರ್ ಇತ್ತಲ್ಲ. ಪೇಟೆಯ ಭಕ್ತರೊಬ್ಬರು ತಂದಿಟ್ಟದ್ದು. ಒಳಗೆ ಒಂದು ಡ್ರಮ್ಮು ಗರಗರ ತಿರುಗುವುದು, ಬಿಸಿ ಗಾಳಿ ಆಡುವುದು. ಹಸಿ ಬಟ್ಟೆ ಹಾಕಿದರೆ ಹಂಚಿನಿಂದ ತೆಗೆದ ರೊಟ್ಟಿಯ ಹಾಗೆ ಬೆಚ್ಚಗೆ ಬರುವುದು.

ನೀಲವ್ವ ಮೊದಲು ತನ್ನ ದಿನದ ಸೀರೆ ಹಾಕಿದಳು. ಸೆರಗಿನ ಗಂಟು ಬಿಚ್ಚಲು ಮರೆತಳು.

ಗಂಟಿನಲ್ಲಿ ಏನಿತ್ತು? ಹಿಂದಿನ ಸಂಜೆ ಕರೆಂಟು ಹೋದಾಗ ಅಡುಗೆಮನೆಯಲ್ಲಿ ಹಚ್ಚಿ ಉಳಿದ ಕೆಂಪು ಮೇಣದಬತ್ತಿಯ ತುಂಡು.

ಅರ್ಧ ತಾಸಿಗೆ ಬಾಗಿಲು ತೆಗೆದು ನೋಡುತ್ತಾಳೆ, ಒಳಗೆ ಯಾರೋ ಓಕುಳಿ ಆಡಿ ಹೋಗಿದ್ದಾರೆ. ಸೀರೆ ಕೆಂಪು, ಡ್ರಮ್ಮಿನ ಮೈಯೆಲ್ಲ ಕೆಂಪು.

ಬಿಳಿ ಸೀರೆ ಇದರೊಳಗೆ ಹಾಕಿದರೆ ಅದಕ್ಕೂ ಇದೇ ಗತಿ. ಹಾಕದಿದ್ದರೆ ಹಸಿ. ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಅಜ್ಜಾರಿಗೆ ಗೊತ್ತಾದರೆ ಮತ್ತೆ ತಡಿಯವ್ವಾ ಅಂದಾರು.

ಯಾರಿಗೂ ಹೇಳಲಿಲ್ಲ. ಡ್ರಮ್ಮು ತಣ್ಣಗಾಗುವ ತನಕ ಕಾದು, ಅಡುಗೆಮನೆಯ ಚಾಕು ತಂದು ಕೆರೆಯಲು ಕೂತಳು. ಕರ ಕರ ಸದ್ದು ಪಡಸಾಲೆಯ ತನಕ ಹೋಯಿತು. ಅಜ್ಜಾರು ಎದ್ದು ಬಂದರು.

"ಏನ್ ಮಾಡಾಕತ್ತಿ ನೀಲವ್ವಾ?"

"ಏನಿಲ್ರಿ ಅಜ್ಜಾರ, ಒಂದೀಟು ಹೊಲಸಾಗಿತ್ತು."

ಅಜ್ಜಾರು ಬಗ್ಗಿ ಡ್ರಮ್ಮಿನೊಳಗೆ ತಲೆ ಹಾಕಿದರು. ಬಾವಿಯೊಳಗಿನಿಂದ ಬಂದ ಹಾಗೆ ಅವರ ಮಾತು ಕೇಳಿಸಿತು.

"ಬಣ್ಣ ಛಲೋ ಐತಿ."

ಅಷ್ಟಕ್ಕೇ ನೀಲವ್ವನ ಅಳು ಒಡೆಯಿತು. ಗಂಟು, ಮೇಣದಬತ್ತಿ, ಸೀರೆ, ಎಲ್ಲ ಹೇಳಿಬಿಟ್ಟಳು. ಕಡೆಗೆ ಅಂದಳು, "ನನಗ ದೀಕ್ಷಾ ಬ್ಯಾಡ್ರಿ. ಒಂದು ಗಂಟು ಬಿಚ್ಚೂದು ನೆನಪಿಲ್ಲದಾಕಿ ನಾ."

ಚಾಕುವಿನಿಂದ ಎಷ್ಟು ಬಂತು ಅಂತ ಅಜ್ಜಾರು ಕೇಳಿದರು.

ನೀಲವ್ವ ಅಂಗೈ ತೋರಿಸಿದಳು. ಸಾಸಿವೆ ಕಾಳಿನಷ್ಟು ನಾಲ್ಕು ಚೂರು. ಡ್ರಮ್ಮಿನ ಮೇಲೆ ಮಾತ್ರ ಉದ್ದುದ್ದ ಗೀರು ಬಿದ್ದಿದ್ದವು.

ಅಜ್ಜಾರು ಚಾಕು ಇಸಿದುಕೊಂಡು ಗೋಡೆಯ ಗೂಡಿನಲ್ಲಿ ಇಟ್ಟರು. ಖಾಲಿ ಡ್ರೈಯರಿನ ಬಾಗಿಲು ಹಾಕಿ ಗುಂಡಿ ಒತ್ತಿದರು. ಅದು ಗರಗರ ತಿರುಗತೊಡಗಿತು.

ನೀಲವ್ವ ಅವರ ಕೈ ಹಿಡಿದಳು. "ಅಜ್ಜಾರ, ಕಾವಿನಿಂದನ ಇಷ್ಟೆಲ್ಲಾ ಆಗೈತ್ರಿ."

"ಹೌದವ್ವಾ. ಎಲ್ಲೆಲ್ಲಿ ಹಚ್ಚೇನಿ ಅಂತ ಕಾವಿಗೇ ಗೊತ್ತಿರತೈತಿ."

ಐದು ನಿಮಿಷ ಇಬ್ಬರೂ ಅದರ ಮುಂದೆ ನಿಂತರು. ಯಂತ್ರದ ಸದ್ದಿಗೆ ಅಜ್ಜಾರು ಭಜನೆಯ ಹಾಗೆ ತಾಳ ಹಾಕಿದರು. ಆಮೇಲೆ ಅದನ್ನು ನಿಲ್ಲಿಸಿ, ಪ್ಲಗ್ಗು ಕಿತ್ತು, ಒಂದು ಅರಿವೆ ತಾ ಅಂದರು.

ನೀಲವ್ವ ಪೆಟ್ಟಿಗೆಯಿಂದ ಹೊಸ ಟವೆಲು ತಂದಳು. ಅಜ್ಜಾರು ಬೇಡವೆಂದರು. ಒಳಗೆ ಹೋಗಿ ತಮ್ಮದೇ ಹಳೆಯ ಧೋತರ ತಂದರು. ಉಟ್ಟು ಉಟ್ಟು ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಪರ್ ಅಂತ ಎರಡು ಮಾಡಿ, ಕೈ ಸುಡದ ಹಾಗೆ ದಪ್ಪಗೆ ಮಡಚಿ, ಒಂದು ಅವಳಿಗೆ ಕೊಟ್ಟರು.

ಒರೆಸಿದರು. ಅಷ್ಟು ಹೊತ್ತು ಚಾಕುವಿಗೆ ಜಗ್ಗದ ಮೇಣ ಕಾಸಿದ ತುಪ್ಪದ ಹಾಗೆ ಅರಿವೆಗೆ ಬಂತು. ಒಂದೇ ಬಾಗಿಲಲ್ಲಿ ಗುರು ಶಿಷ್ಯೆ ಇಬ್ಬರೂ ತಲೆ ತೂರಿಸಿ ಎರಡು ಸಲ ಡಿಕ್ಕಿ ಹೊಡೆದುಕೊಂಡರು. ಎರಡನೇ ಸಲಕ್ಕೆ ನೀಲವ್ವನಿಗೆ ನಗು ತಡೆಯಲಾಗಲಿಲ್ಲ.

ಕಡೆಗೆ ತೆಳ್ಳನೆಯ ಕೆಂಪು ಉಳಿಯಿತು. ಅದಕ್ಕೆ ಹಳೆಯ ಅರಿವೆಗಳನ್ನು ತೋಯಿಸಿ ಹಿಂಡಿ ಒಳಗೆ ಹಾಕಿ ತಿರುಗಿಸಿದರು. ಮೊದಲ ಸಲ ಗುಲಾಬಿ ಬಣ್ಣ ಹತ್ತಿಸಿಕೊಂಡು ಬಂದವು. ಎರಡನೇ ಸಲ ಹಾಕಿದವು ಹಾಕಿದ ಹಾಗೇ ಬಂದವು.

ಆಗ ಬಿಳಿ ಸೀರೆ ಹಾಕಿದಳು. ಹೆರಿಗೆ ಕೋಣೆಯ ಮುಂದೆ ಕೂತವರ ಹಾಗೆ ಕೂತಳು. ಸೀರೆ ಹೊರಬಂತು, ಬೆಚ್ಚಗೆ, ಬೆಳ್ಳಗೆ. ಮಗ್ಗುಲು ಮಗ್ಗುಲು ತಿರುವಿ ನೋಡಿದಳು. ಒಂದು ಕಲೆ ಇಲ್ಲ.

ಮತ್ತೆ ಡ್ರಮ್ಮಿನೊಳಗೆ ಬೆರಳಾಡಿಸಿದಳು. "ಈ ಗೀರು ಹೋಗೂದಿಲ್ಲೇನ್ರಿ?"

"ಮೇಣಕ್ಕ ಕಾವು ಸಾಕಾತು," ಅಂದರು ಅಜ್ಜಾರು. "ಗೀರಿಗೆ ಏನ್ ಹಚ್ಚೂಣು, ನೀನ ಹೇಳು."



ಮರುದಿನ ಬೆಳಕು ಹರಿಯುವ ಮೊದಲೇ ಊರಿನ ಭಕ್ತರೆಲ್ಲ ಮಠದಲ್ಲಿ ಸೇರಿದರು. ನೀಲವ್ವ ಬಿಳಿ ಸೀರೆ ಉಟ್ಟು ಅಜ್ಜಾರ ಎದುರು ಕೂತಳು. ಅಜ್ಜಾರು ವಿಭೂತಿಗೆ ಬೆರಳು ಅದ್ದಿದರು. ಸರಿಯಾಗಿ ಆಗಲೇ ಕರೆಂಟು ಹೋಯಿತು. ಕಿಟಕಿಯಿಂದ ನುಗ್ಗಿದ ಗಾಳಿಗೆ ಎಣ್ಣೆ ದೀಪವೂ ಆರಿತು.

ಕತ್ತಲೆಯಲ್ಲಿ ಹೆಂಗಸರು ಗೂಡುಗಳಿಗೆಲ್ಲ ಕೈಯಾಡಿಸಿದರು. ಮೇಣದಬತ್ತಿ ಮುಗಿದಿವೆ ಅಂತ ಯಾರೋ ಅಂದರು.

"ನೀಲವ್ವಾ," ಅಂದರು ಅಜ್ಜಾರು, "ಸೆರಗಿನ್ಯಾಗ ಏನೈತಿ?"

ನೀಲವ್ವ ಮೆಲ್ಲಗೆ ಗಂಟು ಬಿಚ್ಚಿದಳು. ನಿನ್ನೆ ಅರಿವೆಗೆ ಹತ್ತಿದ ಮೇಣವನ್ನು ಬಿಸಿ ಇದ್ದಾಗಲೇ ಬಳಿದು ತೆಗೆದಿದ್ದಳಂತೆ. ಅಜ್ಜಾರ ಧೋತರದ ಎಳೆಯನ್ನೇ ಬತ್ತಿ ಮಾಡಿ, ಅದರ ಸುತ್ತ ಉಂಡೆ ಕಟ್ಟಿದ್ದಳಂತೆ.

"ಕೆಡಸೂದ್ಯಾಕ ಅಂತ ಇಟಗೊಂಡೇನ್ರಿ," ಅಂದಳು. "ಸೀರಿ ಒಣಗಿದ ಮ್ಯಾಲೇನ ಗಂಟು ಹಾಕೇನ್ರಿ, ಖರೇ."

ಕತ್ತಲೆ ತುಂಬ ನಗು. ಎಲ್ಲಕ್ಕಿಂತ ಜೋರು ಅಜ್ಜಾರದು. ನಕ್ಕು ನಕ್ಕು, ಮಡಿಲಲ್ಲಿದ್ದ ಕಡ್ಡಿಪೆಟ್ಟಿಗೆ ತಡಕಾಡಿ ಅವಳ ಕೈಗೆ ಇಟ್ಟರು.

"ಹಚ್ಚವ್ವಾ. ನಿನ್ನ ಹಣಿ ಕಾಣವಲ್ದು."