ಬಾಳವ್ವನ ಬುರುಜು

ಹಾಲಗಡಿ ಪಟ್ಟಣದ ಟೌನ್‌ಹಾಲಿನ ಬೆನ್ನಿಗೆ, ಹಳೆಯ ವಾಚನಾಲಯದ ಮಗ್ಗುಲಲ್ಲಿ, ಕರಿಕಲ್ಲಿನ ಚೌಕ ಬುರುಜೊಂದಿದೆ. ಬುಡದಲ್ಲಿ ನೀರು ಬೀಳುವ ನಾಲ್ಕು ಗೋಮುಖಗಳು. ಪುರಸಭೆಯ ಫಲಕದಲ್ಲಿ 'ಪುರಾತನ ನೀರಿನ ಗೋಪುರ' ಎಂದಿದೆ. ಆ ಹೆಸರು ಹಿಡಿದು ದಾರಿ ಕೇಳಿದರೆ ಊರವರು ಮಿಕಿಮಿಕಿ ನೋಡುತ್ತಾರೆ. ಬಾಳವ್ವನ ಬುರುಜು ಎನ್ನಿ, ಕೈಹಿಡಿದು ಕರೆದೊಯ್ಯುತ್ತಾರೆ. ಕಟ್ಟಿಸಿದವರು ದೇಸಾಯರು, ಕಟ್ಟಿದವನು ಗವಂಡಿ ಮಾದಣ್ಣ. ಬಾಳವ್ವ ಅದಕ್ಕೆ ಒಂದು ಕಲ್ಲನ್ನೂ ಇಟ್ಟವಳಲ್ಲ.

ಹಿಂದೆ ಒಮ್ಮೆ ಈ ಪೇಟೆಯ ಬಾವಿಗಳೆಲ್ಲ ಸವಳು. ಬೇಳೆ ಕೂಡ ಬೇಯುತ್ತಿರಲಿಲ್ಲ. ದೇಸಾಯರು ಹರದಾರಿ ದೂರದ ಕೆರೆಯಿಂದ ನೆಲದೊಳಗೆ ಮಣ್ಣಿನ ಕೊಳವೆ ಹಾಕಿಸಿ ಸಿಹಿನೀರು ತರಲು ಹೊರಟರು. ಕೊಳವೆ ಸುಡುವ ಕೆಲಸ ಕುಂಬಾರ ಓಣಿಯ ಬಾಳವ್ವನದು. ಗಂಡ ಸತ್ತ ಮೇಲೆ ಮಣ್ಣಿನ ಸಾಮಾನು ಸುಡುವ ಆವಿಗೆಯನ್ನು ಅವಳೇ ನಡೆಸುತ್ತಿದ್ದಳು. ಬಾಯಿ ಖಾರ, ಕೈ ಚೊಕ್ಕ. ಸುಟ್ಟು ತೆಗೆದ ಪ್ರತಿಯೊಂದನ್ನೂ ಬೆರಳಗಂಟಿನಿಂದ ಬಡಿದು ನೋಡುವುದು ಕುಂಬಾರರ ಪದ್ಧತಿ. ಠಣ್ ಎಂದರೆ ಗಟ್ಟಿ. ಡಬ್ ಎಂದರೆ ಒಳಗೆ ಸೀಳು, ಅಲ್ಲೇ ಒಡೆದು ಹಾಕಬೇಕು. "ಬಾಳವ್ವ ಬಡದ ಮಣ್ಣು ಸುಳ್ಳು ಹೇಳಂಗಿಲ್ಲ" ಎಂದು ಊರೇ ಹೇಳುತ್ತಿತ್ತು. ಕಡೆಯ ಆವಿಗೆಯ ದಿನ ಮೋಡ ಕವಿದಿತ್ತು, ದೇಸಾಯರ ಆಳುಗಳು ಬಂಡಿ ಹೂಡಿ ಬಾಗಿಲಲ್ಲಿ ಅವಸರಿಸುತ್ತಿದ್ದರು. ಕೊನೆಯ ಕೊಳವೆ ಡಬ್ ಎಂದಿತು. ಇನ್ನೊಂದನ್ನು ಸುಡಲು ಎಂಟು ದಿನವಾದರೂ ಬೇಕು. ಬಾಳವ್ವ ಅತ್ತಿತ್ತ ನೋಡಿ, ಸೀಳಿಗೆ ಗಾರೆ ಮೆತ್ತಿ ಬಂಡಿಗೆ ಏರಿಸಿಬಿಟ್ಟಳು. ಒಂದರಿಂದ ಏನಾದೀತು ಎಂದುಕೊಂಡಳಂತೆ.

ನೀರು ಬಿಡುವ ದಿನ ಪೇಟೆಗೆ ಪೇಟೆಯೇ ಕೊಡ ಹಿಡಿದು ನೆರೆಯಿತು. ಕೆರೆಯ ತೂಬು ಎತ್ತಿದರು. ಗೋಮುಖದಲ್ಲಿ ಹನಿ ನೀರಿಲ್ಲ. ಕೊಳವೆ ಜೋಡಿಸಿದವನು ಮಾದಣ್ಣ, ತಪ್ಪು ಅವನದೇ ಎಂದು ದೇಸಾಯರು ತೀರ್ಮಾನಿಸಿದರು: ಹೊತ್ತು ಮುಳುಗುವುದರೊಳಗೆ ಸಂಸಾರ ಸಮೇತ ಊರು ಬಿಡಬೇಕು. ಬಾಯಿ ಮುಚ್ಚಿಕೊಂಡಿದ್ದರೆ ಬಾಳವ್ವನ ಹೆಸರು ಉಳಿಯುತ್ತಿತ್ತು, ಕೇಳುವವರೂ ಯಾರೂ ಇರಲಿಲ್ಲ. ಆದರೆ ಮಾದಣ್ಣನ ಹೆಂಡತಿ ಹಸಿಬಾಣಂತಿ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಗಂಟುಮೂಟೆ ಕಟ್ಟುತ್ತಿದ್ದಳು. ಅದನ್ನು ಕಂಡ ಬಾಳವ್ವ ನೇರ ದೇಸಾಯರ ವಾಡೆಗೆ ನಡೆದಳು.

"ಧಣ್ಯಾರ, ಗವಂಡೀದು ಏನೂ ತಪ್ಪಿಲ್ಲ. ಡಬ್ ಅಂದಿದ್ದು ಕೇಳಿನೂ ಕಳಿಸಿದಾಕಿ ನಾನು. ಕಡೀ ಬಂಡಿ ಕೊಳವಿ ಎಲ್ಲಿ ಹಾಕ್ಯಾರ, ಅಲ್ಲಿ ಅಗಸ್ರಿ."

ಕುದುರೆಲಾಯದ ಹಿಂದೆ ಅಗೆದರು. ನೆಲ ಕೆಸರಾಗಿತ್ತು, ಕೊಳವೆ ಉದ್ದಕ್ಕೂ ಸೀಳಿತ್ತು. ಜನ ಬಾಯಿಗೆ ಬಂದಂತೆ ಬೈದರು.

"ನಿನಗ ಏನು ಶಿಕ್ಷಾ ಕೊಡಲಿ, ನೀನೇ ಹೇಳು" ಎಂದರು ದೇಸಾಯರು.

"ಈ ಒಡಕು ಕೊಳವೀನ ಬುರುಜಿನ ಗ್ವಾಡಿಗೆ ಕೂಡ್ರಸ್ರಿ. ನೀರಿಗೆ ಬಂದವರೆಲ್ಲ ಬಡದು ನೋಡ್ಲಿ."

ದೇಸಾಯರು ಹಾಗೆಯೇ ಅದನ್ನು ಬುರುಜಿನ ಗೋಡೆಗೆ ಕೂರಿಸಿದರು. ಎಂಟು ದಿನದಲ್ಲಿ ಬಾಳವ್ವ ಹೊಸ ಕೊಳವೆ ಸುಟ್ಟುಕೊಟ್ಟಳು, ನೀರು ಬಂತು. ಅವಳು ಮಾತ್ರ ನಾಚಿಕೆಯಿಂದ ಸವಳು ಬಾವಿಗೇ ಹೋಗುತ್ತಿದ್ದಳು. ಆಗ ಮಾದಣ್ಣನ ಹೆಂಡತಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು, ದಿನಾ ಬೆಳಿಗ್ಗೆ ಬುರುಜಿನ ಮೊದಲ ಕೊಡವನ್ನು ಬಾಳವ್ವನ ಹೊಸ್ತಿಲಲ್ಲಿ ಇಳಿಸತೊಡಗಿದಳು. ಬಾಳವ್ವ ಬಹಳ ದಿನ ಬಾಗಿಲು ತೆರೆಯಲಿಲ್ಲ. ಕಡೆಗೊಂದು ದಿನ ತೆರೆದು, ಅಳುತ್ತಲೇ ಬೊಗಸೆಯೊಡ್ಡಿ ಕುಡಿದಳು ಎನ್ನುತ್ತಾರೆ.

ಬುರುಜಿನ ನೆತ್ತಿಯಲ್ಲಿ ದೇಸಾಯರು ತಮ್ಮ ತಂದೆಯ ಹೆಸರು ಕೆತ್ತಿಸಿದ್ದರು. ಅದಕ್ಕೆ ಈಗ ಪಾಚಿ. ಕೆಳಗಿನ ಒಡಕು ಕೊಳವೆ ಮಾತ್ರ ಬೆರಳು ಸೋಕಿ ಸೋಕಿ ಮಿನುಗುತ್ತದೆ. ಇಂದಿಗೂ ಹೆಂಗಸರು ಅದನ್ನೊಮ್ಮೆ ಬಡಿದೇ ಕೊಡ ಇಡುತ್ತಾರೆ. ಡಬ್ ಎನ್ನುತ್ತದೆ.

"ಬಾಳವ್ವನ ಮಣ್ಣು ನೋಡ್ರಿ, ಸುಳ್ಳು ಹೇಳಂಗಿಲ್ಲ" ಎನ್ನುತ್ತಾರೆ.