ಅಕ್ಕನ ಆಟ ಮತ್ತು ತಮ್ಮನ ಗ್ರಾಫಿಕ್ಸ್ ಕಾರ್ಡು

ರಬಕವಿಯ ಒಂದು ಸೀರೆ ಅಂಗಡಿಯಲ್ಲಿ ಶ್ರೇಯಾಂಸ ಎಂಬ ಯುವಕ ಕೆಲಸಕ್ಕಿದ್ದ. ದಿನವಿಡೀ ಗಿರಾಕಿಗಳ ಮುಂದೆ ಸೀರೆ ಬಿಚ್ಚುವುದು, ಅವರು ಬೇಡವೆಂದು ಎದ್ದು ಹೋದ ಮೇಲೆ ಮತ್ತೆ ಮಡಚಿಡುವುದು. ಹಗಲು ಹೇಗೋ ಕಳೆಯುತ್ತಿತ್ತು. ಸಂಜೆ ಮನೆಗೆ ಬಂದರೆ ಮಾತ್ರ ಹೊತ್ತು ಹೋಗುತ್ತಿರಲಿಲ್ಲ. ಅಕ್ಕ ತ್ರಿಶಲಾ ಮದುವೆಯಾಗಿ ಇಚಲಕರಂಜಿಗೆ ಹೋದ ಮೇಲೆ ಆ ಮನೆಯಲ್ಲಿ ಅವನ ಜೊತೆ ಜಗಳಾಡುವವರೇ ಇರಲಿಲ್ಲ.

ಅಕ್ಕ ತಮ್ಮ ಇಬ್ಬರಿಗೂ ಒಂದೇ ಹುಚ್ಚು. ಶಾಲೆಯ ದಿನಗಳಲ್ಲಿ ಸೈಬರ್ ಸೆಂಟರಿಗೆ ಹೋಗಿ, ಅಕ್ಕಪಕ್ಕದ ಎರಡು ಕಂಪ್ಯೂಟರ್ ಹಿಡಿದು ಕಾರ್ ಓಡಿಸುವ ಆಟ ಆಡುತ್ತಿದ್ದರು. ಅಕ್ಕನೇ ಯಾವಾಗಲೂ ಮುಂದೆ. ಆದರೆ ತೀರಾ ಮುಂದೆ ಹೋದಳೆಂದರೆ ಸೇತುವೆಯ ಮೇಲೆ ಕಾರು ನಿಲ್ಲಿಸಿ ತಮ್ಮನಿಗಾಗಿ ಕಾಯುತ್ತಿದ್ದಳು. ಈಗ ಆ ಸೈಬರ್ ಸೆಂಟರ್ ಜೆರಾಕ್ಸ್ ಅಂಗಡಿಯಾಗಿದೆ.

ಆ ವರ್ಷ ತ್ರಿಶಲಾ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ? ಅವ್ವ ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿದಳು. ಶ್ರೇಯಾಂಸ ದಿನ ಎಣಿಸತೊಡಗಿದ. ಅಷ್ಟರಲ್ಲಿ ಡಾಕ್ಟರು, ಪ್ರಯಾಣ ಸುತರಾಂ ಕೂಡದು, ಹೆರಿಗೆಯಾಗುವವರೆಗೂ ಹಾಸಿಗೆ ಬಿಟ್ಟು ಏಳಬಾರದು ಅಂದುಬಿಟ್ಟರು. ಮಗಳು ಬರಲಿಲ್ಲ, ಅವ್ವನೇ ಗಂಟು ಕಟ್ಟಿಕೊಂಡು ಇಚಲಕರಂಜಿಗೆ ಹೋದಳು. ಸುಣ್ಣ ಹೊಡೆದ ಕೋಣೆ ಹಾಗೇ ಖಾಲಿ ಉಳಿಯಿತು.

ಒಂದು ಸಂಜೆ ಅಕ್ಕನ ಫೋನು ಬಂತು.

"ತಮ್ಮಾ, ಮಲಗಿ ಮಲಗಿ ಸಾಕಾಗೇತೋ. ನಮ್ಮ ಮನಿಯವರ ಹಳೇ ಲ್ಯಾಪ್‌ಟಾಪಿನ್ಯಾಗ ನಮ್ಮ ಆ ಕಾರಿನ ಆಟ ಹಾಕಿಸೀನಿ. ನೀನೂ ಒಂದು ಕಂಪ್ಯೂಟರ್ ತಗೋ. ದಿನಾ ಸಂಜಿಕೆ ಇಂಟರ್ನೆಟ್ ಮ್ಯಾಲೆ ಕೂಡಿ ಆಡೋಣು. ತವರಿಗೆ ಬಂದಂಗಾದ್ರೂ ಆಗತೈತಿ."

"ತಗೋತೀನಿ ಅಕ್ಕಾ" ಅಂದ ಶ್ರೇಯಾಂಸ. ಮರುದಿನವೇ ಕೂಡಿಟ್ಟ ಹಣ ಜೇಬಿಗೆ ಹಾಕಿಕೊಂಡು ಕಂಪ್ಯೂಟರ್ ಅಂಗಡಿಗೆ ಹೋದ.

ಅಂಗಡಿಯವರು ಎರಡು ದಾರಿ ತೋರಿಸಿದರು. "ಈ ಪ್ರೊಸೆಸರ್ ಒಳಗ ಗ್ರಾಫಿಕ್ಸ್, ಅಂದ್ರ ಪರದೆ ಮ್ಯಾಲೆ ಚಿತ್ರಾ ಮೂಡಿಸೂದು, ಕೂಡೇ ಬರತೈತಿ. ಇವತ್ತು ಒಯ್ದು ಇವತ್ತೇ ಆಡಬಹುದು. ಭಾರೀ ಆಟ ನಡೆಯಂಗಿಲ್ಲ, ಹಳೇವು ಬೇಕಾದಷ್ಟು ನಡೀತಾವು. ಈ ಇನ್ನೊಂದರಾಗ ಗ್ರಾಫಿಕ್ಸ್ ಇಲ್ಲ, ಸ್ವಲ್ಪ ಸೋವಿ. ಆದ್ರ ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಹಾಕೂತನಕ ಪರದೆ ಮ್ಯಾಲೆ ಏನೂ ಕಾಣಂಗಿಲ್ಲ ನೋಡ್ರಿ."

ಅಂಗಡಿಯ ದೊಡ್ಡ ಪರದೆಯ ಮೇಲೆ ಆಗ ಹೊಸ ಆಟವೊಂದು ಓಡುತ್ತಿತ್ತು. ಮಳೆ ನಿಂತ ರಸ್ತೆ. ಒದ್ದೆ ಡಾಂಬರಿನಲ್ಲಿ ಬೀದಿದೀಪಗಳ ಪ್ರತಿಬಿಂಬ ನಡುಗುತ್ತಿದೆ. ಶ್ರೇಯಾಂಸ ಕಣ್ಣು ಕೀಳದೆ ನೋಡಿದ. ಅಕ್ಕನಿಗೆ ಇಂಥ ರಸ್ತೆ ತೋರಿಸಬೇಕು, ಆ ಹಳೇ ಡಬ್ಬಾ ಆಟ ಯಾಕೆ ಅನ್ನಿಸಿತು. ಗ್ರಾಫಿಕ್ಸ್ ಇಲ್ಲದ್ದನ್ನೇ ಕೊಂಡ. ಉಳಿದ ಹಣದಲ್ಲಿ ಕಂಪ್ಯೂಟರಿಗೆ ಗಾಜಿನ ಬಾಗಿಲಿನ ಅಂದದ ಪೆಟ್ಟಿಗೆಯನ್ನೂ ಆರಿಸಿದ. ಕಾರ್ಡು ಚೌತಿಯ ಹೊತ್ತಿಗೆ ಕೊಂಡರಾಯಿತು ಅಂದುಕೊಂಡ. ಆಸೆಗೆ ಲೆಕ್ಕ ಬರುವುದಿಲ್ಲ, ನೋಡಿ.

ಮನೆಯಲ್ಲಿ ಕಂಪ್ಯೂಟರ್ ಹಚ್ಚಿದರೆ ಒಳಗೆ ಫ್ಯಾನು ತಿರುಗಿತು, ಬಣ್ಣಬಣ್ಣದ ದೀಪ ಹೊತ್ತಿದವು. ಪರದೆ ಮಾತ್ರ ಕಪ್ಪು. ಅಪ್ಪ ಹತ್ತಿರ ಬಂದು ಬಗ್ಗಿ ನೋಡಿದರು.

"ಇಷ್ಟು ರೊಕ್ಕಾ ಕೊಟ್ಟು ಗಾಳಿ ಬೀಸೂ ಯಂತ್ರಾ ತಂದೇನೋ?"

ಸಂಜೆಯಾಗುತ್ತಲೇ ಅಕ್ಕ ಫೋನು ಮಾಡುವಳು. "ಬಂತೇನೋ ಕಾರ್ಡು?"

"ಇನ್ನೊಂದೀಟು ತಡಿ ಅಕ್ಕಾ."

"ಹಳೇ ಆಟಕ್ಕ ಅಂಥಾದ್ದೇನೂ ಬ್ಯಾಡೋ ಹುಚ್ಚಾ."

"ಹಳೇದು ಯಾಕ? ನೀ ನೋಡಿದಿ ಅಂದ್ರ ದಂಗ ಆಗತಿ. ತಡಿ."

ಅಕ್ಕ ಫೋನು ಇಡುವಳು. ಮಲಗಿದಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಒಂದು ಗೋಡೆ, ಒಂದು ಕಿಟಕಿ. ಒಬ್ಬಳೇ ಆಟ ಹಚ್ಚುವಳು, ಎರಡು ಸುತ್ತು ಓಡಿಸುವಳು, ಬೇಸರವಾಗಿ ಮುಚ್ಚುವಳು. ಇದನ್ನೆಲ್ಲ ಅವ್ವ ಫೋನಿನಲ್ಲಿ ಹೇಳಿದಾಗ ಶ್ರೇಯಾಂಸ ಕೂಡಿಟ್ಟ ಹಣ ಮತ್ತೆ ಎಣಿಸುತ್ತಿದ್ದ. ಎಣಿಸಿದಷ್ಟೂ, ಇಷ್ಟು ಕಾಯಿಸಿದ ಮೇಲೆ ಸಾಧಾರಣದ್ದು ತರಬಾರದು ಎಂಬ ಹಟ ಬೆಳೆಯಿತು.

ಚೌತಿ ಬಂತು. ಹಣ ಅರ್ಧವೇ ಕೂಡಿತ್ತು. ಅಕ್ಕ ಕಾಯುತ್ತಿರುವ ಮಾತು ಕೇಳಿ ಕಂಪ್ಯೂಟರ್ ಅಂಗಡಿಯವರಿಗೆ ಕನಿಕರವಾಗಿ, ಯಾರೋ ಬಳಸಿ ಬಿಟ್ಟ ಒಂದು ಸಣ್ಣ ಕಾರ್ಡು ಹೊರತೆಗೆದರು. "ಸದ್ಯಕ್ಕ ಇದನ್ನ ಹಾಕ್ರಿ. ಅಕ್ಕಾರ ಜೋಡಿ ಆಟಾ ಚಾಲೂ ಆಗಲಿ. ದೊಡ್ಡದು ಆಮ್ಯಾಲೆ ತಗೊಂಡ್ರಾತು."

ಶ್ರೇಯಾಂಸ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಗಾಜಿನ ಬಾಗಿಲಿನ ಹಿಂದೆ ಆ ಗಿಡ್ಡ ಕಾರ್ಡು ಹೇಗೆ ಕಂಡೀತೆಂದು ಯೋಚಿಸಿದ. ವಾಪಸು ಕೊಟ್ಟ. "ಬ್ಯಾಡ್ರಿ. ತಗೊಂಡ್ರ ದೊಡ್ಡದನ್ನ ತಗೋತೀನಿ." ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಅಂದರೆ ಇದೇ.

ದೀಪಾವಳಿಗೆ ಸೀರೆ ಅಂಗಡಿಯ ಮಾಲೀಕರು ಬೋನಸ್ ಕೊಟ್ಟರು. ಶ್ರೇಯಾಂಸ ಕಂಪ್ಯೂಟರ್ ಅಂಗಡಿಗೆ ಓಡಿದ. ಬಯಸಿದ ದೊಡ್ಡ ಕಾರ್ಡು ಸಿಕ್ಕಿತು. ಅದೇ ವಾರ ಇಚಲಕರಂಜಿಯಲ್ಲಿ ತ್ರಿಶಲಾಗೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆಂದು ಸುದ್ದಿ ಬಂತು. ಅಪ್ಪ ಓಣಿಗೆಲ್ಲ ಸಕ್ಕರೆ ಹಂಚಿದರು.

ಇಚಲಕರಂಜಿಯಲ್ಲಿ ಬಾರಸಾ, ಅಂದರೆ ಮಗುವಿನ ಹೆಸರಿಡುವ ಶಾಸ್ತ್ರ, ಮುಗಿಸಿಕೊಂಡು ಬಂದ ಸಂಜೆ ಶ್ರೇಯಾಂಸ ಕಾರ್ಡು ಕೂಡಿಸಿದ. ಪರದೆ ಬೆಳಗಿತು. ಒದ್ದೆ ರಸ್ತೆ, ದೀಪಗಳು, ಮಳೆಯ ಸದ್ದು, ಎಲ್ಲ ಅಂಗಡಿಯಲ್ಲಿ ಕಂಡಂತೆಯೇ ಇದ್ದವು. ವಿಡಿಯೋ ಕಾಲ್ ಹಚ್ಚಿ ಫೋನನ್ನು ಪರದೆಯ ಕಡೆ ಹಿಡಿದ.

"ಅಕ್ಕಾ, ನೋಡಿಲ್ಲೆ! ಬಾ, ಆಡೋಣು!"

ತ್ರಿಶಲಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. ರಸ್ತೆಯನ್ನು ನೋಡಿ ನಕ್ಕಳು.

"ಭಾಳ ಚಂದ ಐತಿ ತಮ್ಮಾ. ಆದ್ರ ಇದು ನಮ್ಮ ಹಳೇ ಲ್ಯಾಪ್‌ಟಾಪಿನ್ಯಾಗ ಏಳೂದೇ ಇಲ್ಲಲ್ಲೋ."

ಶ್ರೇಯಾಂಸನಿಗೆ ಇದು ಹೊಳೆದೇ ಇರಲಿಲ್ಲ. "ಹಂಗಾದ್ರ ಹಳೇದೇ ಆಡೋಣು" ಅಂದ ಅವಸರದಲ್ಲಿ. "ಈಗ ಹಾಕತೀನಿ."

"ಈಗ ನನಗ ಕೂದಲಾ ಬಾಚ್ಕೊಳ್ಳಾಕೂ ಹೊತ್ತಿಲ್ಲ" ಅಂದಳು ಅಕ್ಕ. ಆಮೇಲೆ ಮೆಲ್ಲಗೆ ಹೇಳಿದಳು: "ಆವಾಗ ಹೊತ್ತು ಹೋಗತಿರಲಿಲ್ಲೋ. ಸಂಜಿ ಆದ್ರ ಸಾಕು, ನೆನಪಾಗತಿದ್ದಿ. ನಾ ಚಂದನ್ನ ರಸ್ತಾ ಕೇಳಿದ್ನೇನು? ನೀ ಬಾಜೂಕ ಇದ್ರ ಸಾಕಾಗಿತ್ತು."

ಮಗು ಅತ್ತಿತು. "ಇಡತೀನಿ" ಅಂದು ಅಕ್ಕ ಫೋನು ಇಟ್ಟಳು.

ಶ್ರೇಯಾಂಸ ಪರದೆಯ ಕಡೆ ತಿರುಗಿದ. ಬೇಕೆಂದು ಹಂಬಲಿಸಿದ ಕಾರ್ಡು ಈಗ ಊಟಕ್ಕಿಲ್ಲದ ಉಪ್ಪಿನಕಾಯಿ. ಪರದೆಯ ಮೇಲೆ ಎರಡು ಕಾರು ನಿಂತಿದ್ದವು, ಒಂದು ಅವನದು, ಇನ್ನೊಂದರ ಮೇಲೆ 'ಆಟಗಾರರಿಗಾಗಿ ಕಾಯಲಾಗುತ್ತಿದೆ' ಎಂದು ಬರೆದಿತ್ತು. ಎಷ್ಟು ಹೊತ್ತು ನೋಡಿದರೂ ಆ ಅಕ್ಷರ ಅಳಿಸಿಹೋಗಲಿಲ್ಲ.

ನೀತಿ: ಕಂಪ್ಯೂಟರ್ ಕೊಳ್ಳುವವರು, ಯಾವ ಗ್ರಾಫಿಕ್ಸ್ ಎಂದು ಕೇಳುವ ಮುಂಚೆ ಯಾರ ಜೊತೆ ಆಡಬೇಕು ಎಂದು ಕೇಳಿಕೊಳ್ಳಿ. ಪ್ರೀತಿಯವರು ಕರೆದಾಗ ಕೈಯಲ್ಲಿದ್ದದ್ದನ್ನೇ ಹಿಡಿದು ಹೊರಡಬೇಕು. ಒಳ್ಳೆಯ ವಸ್ತು ಇವತ್ತಲ್ಲ ನಾಳೆ ಅಂಗಡಿಗೆ ಬರುತ್ತದೆ. ಅವರು ನಮಗೆಂದು ತೆಗೆದಿಟ್ಟ ಹೊತ್ತು ಯಾವ ಅಂಗಡಿಗೂ ಬರುವುದಿಲ್ಲ.